ಒಂದು ಬಲೆ, ನೂರಾರು ಕೈ!

ಎಂಜಿನ್ ಇಲ್ಲ, ಮಂಜುಗಡ್ಡೆ ಇಲ್ಲ, ಮೀನೆಲ್ಲಿದೆ ಎಂದು ತೋರಿಸುವ ಯಂತ್ರವಂತೂ ಇಲ್ಲವೇ ಇಲ್ಲ. ಆದರೂ ದಡದ ಮೇಲೆ ನಿಂತೇ ಟನ್‌ಗಟ್ಟಲೆ ಬಂಗುಡೆ ಹಿಡಿಯುತ್ತಿದ್ದರು ಎಂದರೆ ನಂಬುತ್ತೀರಾ? ನಮ್ಮದೇ ಕರಾವಳಿಯ ರಂಪಣಿ ಬಲೆಯ ಕಥೆಯಿದು. ಕೆಲವು ಬಲೆಗಳ ಉದ್ದ ಹೆಚ್ಚುಕಡಿಮೆ ಒಂದು ಕಿಲೋಮೀಟರ್! ಒಬ್ಬರ ಕೈಲಾಗುವ ಮಾತಲ್ಲ. ಹತ್ತಾರು ಮನೆಯವರು ಪಾಲು ಹಾಕಿ ನಡೆಸುತ್ತಿದ್ದರು.

ಮೊದಲು ಮೀನು ಕಾಣಬೇಕಲ್ಲ. ನೀರು ಎಲ್ಲಿ ಕಪ್ಪಿಟ್ಟಿದೆ, ಹಕ್ಕಿಗಳು ಎಲ್ಲಿ ಎರಗುತ್ತಿವೆ ಎಂದು ನುರಿತ ಕಣ್ಣು ಹುಡುಕುತ್ತಿತ್ತು. ಅಮಾವಾಸ್ಯೆಯ ಕತ್ತಲಲ್ಲಂತೂ ಬೆರಗೋ ಬೆರಗು! ಮೀನಿನ ಹಿಂಡು ಸರಿದಾಗ ನೀರಿನ ಸೂಕ್ಷ್ಮಜೀವಿಗಳು ಕಲಕಿ ಹೊಳೆಯುತ್ತವೆ. ಮೀನೇ ತನ್ನ ಜಾಡನ್ನು ಬೆಳಗಿ ತೋರಿಸುತ್ತದೆ!

ಬಲೆಯ ಹಗ್ಗದ ಒಂದು ತುದಿ ದಡದವರ ಕೈಯಲ್ಲಿ. ದೋಣಿ ಬಲೆ ಬಿಡುತ್ತಾ ಅರ್ಧಚಂದ್ರಾಕಾರವಾಗಿ ಸುತ್ತಿ, ಇನ್ನೊಂದು ತುದಿಯನ್ನು ಅದೇ ದಡದ ಮೇಲೆ ದೂರದಲ್ಲಿ ತಲುಪಿಸುತ್ತದೆ. ಆಮೇಲೆ ಶುರು ಎಳೆತ. ಹಿಮ್ಮಡಿ ಮರಳಿಗೆ ಊರಿ, ಮೈಯನ್ನೆಲ್ಲ ಹಿಂದಕ್ಕೆ ಚೆಲ್ಲಿ, ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿಯಬೇಕು. ಕೊನೆಯವನು ಹಗ್ಗ ಬಿಟ್ಟು ಓಡಿ, ಮತ್ತೆ ನೀರಂಚಿನಲ್ಲಿ ಹಿಡಿಯಬೇಕು. ನೆನೆದ ನಾರಿನ ಹಗ್ಗ, ಸೀಳಿದ ಅಂಗೈ, ಸೀಳಿಗಿಳಿಯುವ ಉಪ್ಪುನೀರು. ಬಲೆಯ ಕೆಳಅಂಚು ಗೇಣಷ್ಟು ಎದ್ದರೂ ಸಾಕು, ಅಷ್ಟೂ ದುಡಿಮೆ ನೀರುಪಾಲು! ಗಂಟೆಗಟ್ಟಲೆ ಹೀಗೇ. ಇದನ್ನು 'ಸಾಂಪ್ರದಾಯಿಕ ಸೊಗಸು' ಎನ್ನುವವರು ಒಮ್ಮೆ ಹಗ್ಗ ಹಿಡಿದು ನೋಡಲಿ.

ಇನ್ನೊಂದು ಜಾಣತನ ಕೇಳಿ. ಮೀನು ವಿಪರೀತ ಸಿಕ್ಕಿತೆನ್ನಿ, ಬಲೆಯನ್ನು ಪೂರ್ತಿ ಎಳೆಯುತ್ತಿರಲಿಲ್ಲ. ನೀರಿನಲ್ಲೇ ಕೂಡಿಟ್ಟು, ಬೇಕಾದಷ್ಟೇ ತೆಗೆಯುತ್ತಿದ್ದರು. ಕಡಲೇ ಶೈತ್ಯಾಗಾರ!

1970ರ ದಶಕದ ನಡುವಿನಲ್ಲಿ ಪರ್ಸಿನ್ ಬಲೆಯ ಯಾಂತ್ರಿಕ ದೋಣಿಗಳು ಬಂದವು. ದಡಕ್ಕೆ ಬರಬೇಕಿದ್ದ ಹಿಂಡನ್ನು ಅವು ಆಳದಲ್ಲೇ ಸುತ್ತಿ ಬಾಚಿದವು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿಗಳು ಅಟ್ಟ ಸೇರಿದವು. ಪಾಲುದಾರರಾಗಿದ್ದವರಲ್ಲಿ ಎಷ್ಟೋ ಮಂದಿ ಅದೇ ದೋಣಿಗಳ ಕೂಲಿಯಾಳಾದರು.

ಆದರೆ ರಂಪಣಿಯ ಚಿಕ್ಕ ರೂಪ ಕೈರಂಪಣಿ ಉಡುಪಿ ಜಿಲ್ಲೆಯ ಕಡಲತಡಿಯಲ್ಲಿ ಇನ್ನೂ ಉಳಿದಿದೆ. ಜೂನ್, ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ ಆ ಕಡೆ ಹೋದರೆ ಕಣ್ಣಿಗೆ ಬಿದ್ದೀತು. ಬಿದ್ದರೆ ಮೊಬೈಲ್ ಜೇಬಿಗಿಳಿಸಿ, ಬಲೆ ಎಳೆಯುವವರನ್ನು ಕೇಳಿ, ಹಗ್ಗಕ್ಕೊಂದು ಕೈ ಹಾಕಿ.