ದಿವಾದಿಂದ ದೊಡ್ಡ ಸಭಾಗೃಹಕ್ಕೆ: ಹಾಡು ಮುಗಿಯುವ ಮುನ್ನವೇ ಏಳಬೇಕಾದವರ ದೂರು

ಮಹಾನಗರದ ದೊಡ್ಡ ಸಭಾಗೃಹಗಳಲ್ಲಿ ನಡೆಯುವ ಸಂಗೀತ ಕಾರ್ಯಕ್ರಮಗಳಿಗೆ ದಿವಾ, ಡೊಂಬಿವಲಿ, ಕಲ್ಯಾಣ್ ಪರಿಸರದ ತುಳು-ಕನ್ನಡಿಗರು ಕುಟುಂಬ ಸಮೇತ ಹೋಗಿ ಬರುವುದು ಹೊಸತೇನಲ್ಲ. ಟಿಕೆಟಿಗೆ ಹಣ ಕೂಡಿಟ್ಟು, ಮಕ್ಕಳ ಪರೀಕ್ಷೆ ನೋಡಿ, ಮರುದಿನದ ಡ್ಯೂಟಿ ಹೊಂದಿಸಿಕೊಂಡು ಹೊರಡುತ್ತಾರೆ. ಆದರೆ ಮಾರನೆ ದಿನ ಸ್ಟೇಷನ್ನಿನಲ್ಲಿ ಸಿಕ್ಕಿ ಮಾತನಾಡಿಸಿದರೆ ಹೆಚ್ಚಾಗಿ ಕೇಳಿಬರುವ ಉತ್ತರ ಒಂದೇ: ಹಾಡು ಚೆನ್ನಾಗಿತ್ತು, ಆದರೆ...

ಈ ‘ಆದರೆ’ಯ ಹಿಂದೆ ದೊಡ್ಡ ಪಟ್ಟಿಯೇ ಇದೆ. ಕಂಬ ಅಡ್ಡ ಬರುವ ಆಸನ, ಗೇಟಿನಲ್ಲಿ ತೆಗೆದಿಡಿಸುವ ನೀರಿನ ಬಾಟಲಿ, ಹೊರಗಿನ ಎರಡು ಪಟ್ಟು ಬೆಲೆಯ ವಡಾಪಾವ್, ವಿರಾಮದಲ್ಲಿ ಹೆಂಗಸರ ಶೌಚಾಲಯದ ಮುಂದೆ ಬೆಳೆಯುವ ಸಾಲು, ಮಂಡಿನೋವಿನ ಹಿರಿಯರು ಹತ್ತಲಾಗದ ಬಾಲ್ಕನಿ ಮೆಟ್ಟಿಲು, ಎದೆ ನಡುಗಿಸುವ ಸ್ಪೀಕರ್. ಇವು ಎಲ್ಲ ಊರಿನ ಪ್ರೇಕ್ಷಕರ ದೂರುಗಳು. ದಿವಾದವರ ಪಟ್ಟಿಯಲ್ಲಿ ಮಾತ್ರ ಇನ್ನೊಂದಿದೆ, ಅದು ಕೊನೆಯ ಲೋಕಲ್.

ದೂರದ ಲೆಕ್ಕ

ದಿವಾ ಪರಿಸರದವರಿಗೆ ಹತ್ತಿರದ ಸಭಾಗೃಹಗಳೆಂದರೆ ಡೊಂಬಿವಲಿಯ ಸಾವಿತ್ರಿಬಾಯಿ ಫುಲೆ ಕಲಾಮಂದಿರ, ಕಲ್ಯಾಣದ ಆಚಾರ್ಯ ಅತ್ರೆ ರಂಗಮಂದಿರ, ಥಾಣೆಯ ಗಡ್ಕರಿ ರಂಗಾಯತನ. ಇವೆಲ್ಲ ನಾಟಕಕ್ಕೆ, ಸಂಘದ ವಾರ್ಷಿಕೋತ್ಸವಕ್ಕೆ ಸರಿ. ಸಾವಿರಾರು ಜನ ಸೇರುವ ಸಂಗೀತ ಕಾರ್ಯಕ್ರಮವಾದರೆ ಕಿಂಗ್ಸ್ ಸರ್ಕಲ್‌ನ ಷಣ್ಮುಖಾನಂದ ಅಥವಾ ವರ್ಲಿಯ ಎನ್‌ಎಸ್‌ಸಿಐ ಡೋಮ್ ಕಡೆಗೆ ಹೋಗಲೇಬೇಕು. 1952ರಲ್ಲಿ ಹುಟ್ಟಿದ ಷಣ್ಮುಖಾನಂದ ಸಭೆಯ ಸಭಾಗೃಹ 1963ರಲ್ಲಿ ತೆರೆಯಿತು. 1990ರಲ್ಲಿ ಬೆಂಕಿಗೆ ಆಹುತಿಯಾಗಿ 1998ರಲ್ಲಿ ಮತ್ತೆ ತಲೆಯೆತ್ತಿದ ಇಲ್ಲಿ ಇಂದು 2,700ಕ್ಕೂ ಮಿಕ್ಕಿ ಆಸನಗಳಿವೆ. ಅಲ್ಲಿಗೆ ಹೋಗಲು ದಿವಾದವರು ಸಯನ್ ಅಥವಾ ಮಾಟುಂಗಾದಲ್ಲಿ ಇಳಿಯಬೇಕು. ವರ್ಲಿಗಾದರೆ ದಾದರ್‌ನಲ್ಲಿ ಗಾಡಿ ಬದಲಿಸಿ, ಮಹಾಲಕ್ಷ್ಮಿಯಲ್ಲಿ ಇಳಿದು, ಟ್ಯಾಕ್ಸಿ ಹಿಡಿಯಬೇಕು.

ರವಿವಾರವಾದರೆ ಮೆಗಾಬ್ಲಾಕ್ ಬೇರೆ. ಸಾಮಾನ್ಯವಾಗಿ ಬೆಳಿಗ್ಗೆ 11ರಿಂದ ಸಂಜೆ 4ರ ಆಸುಪಾಸಿನವರೆಗೆ ನಡೆಯುವ ಈ ದುರಸ್ತಿ ಕೆಲಸ, ಮಧ್ಯಾಹ್ನ ಊಟ ಮುಗಿಸಿ ಹೊರಟವರನ್ನೇ ಸರಿಯಾಗಿ ಹಿಡಿಯುತ್ತದೆ. 2016ರ ಡಿಸೆಂಬರ್‌ನಿಂದ ದಿವಾದಲ್ಲಿ ಕೆಲವು ಫಾಸ್ಟ್ ಲೋಕಲ್‌ಗಳು ನಿಲ್ಲುತ್ತಿರುವುದು ಸಮಾಧಾನವೇ. ಆದರೆ ರಾತ್ರಿ ಹಿಂದಿರುಗುವಾಗ ಕರ್ಜತ್, ಕಸಾರ ಕಡೆಯ ಜನರೆಲ್ಲ ಸೇರುವ ಬೆರಳೆಣಿಕೆಯ ಗಾಡಿಗಳೇ ಗತಿ.

ಹತ್ತು ಗಂಟೆಯ ನಿಯಮ ಮತ್ತು ಮುಚ್ಚಿದ ಬಾಗಿಲು

ಬಯಲಿನಲ್ಲಿ ನಡೆಯುವ ಕಾರ್ಯಕ್ರಮಕ್ಕೂ ಒಳಾಂಗಣದ ಕಾರ್ಯಕ್ರಮಕ್ಕೂ ಕಾನೂನಿನಲ್ಲಿ ಒಂದು ವ್ಯತ್ಯಾಸವಿದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬ ಹಾಗೂ ಸಾಂಸ್ಕೃತಿಕ ಸಂದರ್ಭಗಳಿಗೆ ವರ್ಷಕ್ಕೆ ಗರಿಷ್ಠ 15 ದಿನ ಮಧ್ಯರಾತ್ರಿವರೆಗೆ ಸಡಿಲಿಕೆ ಕೊಡುವ ಅಧಿಕಾರ ಸರಕಾರಕ್ಕಿದೆ. ಆದರೆ ಸಭಾಗೃಹದಂಥ ಮುಚ್ಚಿದ ಆವರಣದೊಳಗೆ ಆ ನಿಷೇಧವಿಲ್ಲ.

ಹೀಗಾಗಿ 2025ರ ಜನವರಿಯಲ್ಲಿ ನೇರೂಲ್‌ನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಮೂರು ದಿನ ನಡೆದ ಕೋಲ್ಡ್‌ಪ್ಲೇ ಕಾರ್ಯಕ್ರಮದಂಥ ಬಯಲು ಸಮಾರಂಭಗಳಿಗೆ ಗಡಿಯಾರದ ಅಂಕುಶ ಇದ್ದರೆ, ಒಳಾಂಗಣದಲ್ಲಿ ಆ ಅಂಕುಶ ಸಡಿಲ. ಏಳಕ್ಕೆಂದು ಹೇಳಿದ ಕಾರ್ಯಕ್ರಮ ಎಂಟೂವರೆಗೆ ಆರಂಭವಾಗಿ ಹನ್ನೊಂದು ದಾಟಿದರೂ ಕೇಳುವವರಿಲ್ಲ. ದಾದರ್, ಮಾಟುಂಗಾದವರಿಗೆ ಅದೇನೂ ತೊಂದರೆಯಲ್ಲ. ದಿವಾದ ಗೃಹಿಣಿ ಮಾತ್ರ ಹತ್ತು ಗಂಟೆಗೇ ಮಗುವನ್ನು ಎತ್ತಿಕೊಂಡು, ಸಾಲಿನಲ್ಲಿ ಕುಳಿತವರ ಕಾಲು ದಾಟಿಕೊಂಡು ಹೊರಬರಬೇಕು. ಟಿಕೆಟಿನ ದರ ಇಬ್ಬರಿಗೂ ಒಂದೇ.

ಕೊನೆಯ ಹಾಡನ್ನೂ ಕೇಳಿಯೇ ಹೋಗೋಣ ಎಂದು ಕುಳಿತವರು ಆಮೇಲೆ ಓಡಬೇಕಾಗುತ್ತದೆ. 2025ರ ಜೂನ್ 9ರಂದು ನಮ್ಮ ನೆರೆಯ ಮುಂಬ್ರಾದಲ್ಲಿ, ಕಿಕ್ಕಿರಿದ ಲೋಕಲ್‌ಗಳ ಬಾಗಿಲಲ್ಲಿ ನಿಂತಿದ್ದ ಪ್ರಯಾಣಿಕರು ಕೆಳಗೆ ಬಿದ್ದು ಪ್ರಾಣ ಕಳೆದುಕೊಂಡದ್ದನ್ನು ದಿವಾದವರು ಮರೆತಿಲ್ಲ. ಅದು ಬೆಳಗಿನ ಹೊತ್ತಿನ ದುರಂತವಾದರೂ ಬಾಗಿಲಲ್ಲಿ ನೇತಾಡುವ ಅಪಾಯ ರಾತ್ರಿಗೂ ಅಷ್ಟೇ.

ಟಿಕೆಟ್ ಪಡೆದವರ ಹಕ್ಕು

ಹಣ ಕೊಟ್ಟು ಟಿಕೆಟ್ ಪಡೆದವರು ಗ್ರಾಹಕರು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಾರ್ಯಕ್ರಮ ವರ್ಲಿಯಲ್ಲಿ ನಡೆದಿದ್ದರೂ ದಿವಾದವರು ಥಾಣೆ ಜಿಲ್ಲಾ ಆಯೋಗಕ್ಕೆ ಹೋದರೆ ಸಾಕು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ಎರಡು ವರ್ಷಗಳ ಕಾಲಾವಕಾಶವಿದೆ. ಅದಕ್ಕೂ ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು. ಟಿಕೆಟ್, ತಿಂಡಿಯ ಬಿಲ್ಲು, ಆಸನದಿಂದ ವೇದಿಕೆ ಹೇಗೆ ಕಾಣುತ್ತಿತ್ತು ಎಂಬುದರ ಒಂದು ಫೋಟೋ ಇಟ್ಟುಕೊಂಡರೆ ದೂರಿಗೆ ಬಲ.

ನೀರಿನ ವಿಷಯಕ್ಕೆ ಬಂದರೆ, ಸಿನೆಮಾ ಮಂದಿರಗಳು ಹೊರಗಿನ ತಿಂಡಿಯನ್ನು ತಡೆಯಬಹುದು, ಆದರೆ ಶುದ್ಧ ಕುಡಿಯುವ ನೀರನ್ನು ಉಚಿತವಾಗಿ ಕೊಡಬೇಕು, ಹಸುಳೆಗಳ ಆಹಾರಕ್ಕೆ ಅಡ್ಡಿ ಮಾಡಬಾರದು ಎಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತೀರ್ಪು ಸಿನೆಮಾ ಮಂದಿರಗಳ ಕುರಿತಾದುದು. ಆದರೂ ಸಂಗೀತ ಸಭಾಗೃಹದ ಗೇಟಿನಲ್ಲಿ ಬಾಟಲಿ ತೆಗೆದಿಡಿಸುವವರ ಬಳಿ, ಒಳಗೆ ನೀರು ಎಲ್ಲಿದೆ ಎಂದು ಕೇಳುವುದಕ್ಕೆ ಸಂಕೋಚ ಬೇಕಿಲ್ಲ.

ಸದ್ದಿನ ಬಗ್ಗೆಯೂ ಒಂದು ಅಳತೆಯಿದೆ. ಇಂಥ ಸ್ಥಳಗಳಲ್ಲಿ ಸರಾಸರಿ 100 ಡೆಸಿಬೆಲ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಲಹೆ ನೀಡಿದೆ. ಚೆಂಡೆಯ ಸದ್ದಿಗೆ ಹಿಗ್ಗುವ ನಮ್ಮವರಿಗೆ ಇದು ಅತಿಯೆನಿಸಬಹುದು. ಆದರೆ ಸ್ಪೀಕರಿನ ಪಕ್ಕದಲ್ಲಿ ಮೂರು ಗಂಟೆ ಕುಳಿತ ಮಗುವಿನ ಕಿವಿಗೆ ಅದು ಅತಿಯಲ್ಲ.

ಇನ್ನು ಬಾಗಿಲುಗಳು. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಮಂದಿ ಸತ್ತದ್ದು ಹೊರಹೋಗುವ ದಾರಿ ಸಿಗದೆ, ಹೊಗೆಯಲ್ಲಿ ಉಸಿರುಗಟ್ಟಿ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಮಂದಿಯನ್ನು ಬಲಿ ತೆಗೆದುಕೊಂಡದ್ದು ಗೇಟಿನ ನೂಕುನುಗ್ಗಲು. ನಡುದಾರಿಯಲ್ಲಿ ಹೆಚ್ಚುವರಿ ಕುರ್ಚಿ ಹಾಕಿದ್ದರೆ, ತುರ್ತು ಬಾಗಿಲಿಗೆ ಬೀಗ ಬಿದ್ದಿದ್ದರೆ ಆಗಲೇ ಹೇಳುವುದು ಕಿರಿಕಿರಿ ಎನಿಸಿಕೊಳ್ಳದು.

ನಮ್ಮ ಮನೆಯ ಲೆಕ್ಕವೂ ಇರಲಿ

ಇಷ್ಟೆಲ್ಲ ದೂರುವ ನಾವೇ ಹಲವು ರವಿವಾರಗಳಂದು ಆತಿಥೇಯರೂ ಹೌದು. ಆಮಂತ್ರಣ ಪತ್ರಿಕೆಯಲ್ಲಿ 4 ಗಂಟೆ ಎಂದಿರುವ ಸಮಾರಂಭಕ್ಕೆ ಐದೂವರೆಗೆ ದೀಪ ಬೆಳಗುತ್ತದೆ. ಸ್ವಾಗತ, ಪ್ರಾಸ್ತಾವಿಕ, ಹೂಗುಚ್ಛ, ಶಾಲು, ಸ್ಮರಣಿಕೆ, ಗಣ್ಯರ ಒಂದೆರಡು ಮಾತು. ಒಂದೆರಡು ಮಾತು ಅರ್ಧ ಗಂಟೆಗೆ ಕಮ್ಮಿಯಿಲ್ಲ. ಮುಖ್ಯ ಗಾಯಕರು ವೇದಿಕೆ ಏರುವ ಹೊತ್ತಿಗೆ ದಿವಾ, ಕಲ್ಯಾಣ್, ಬದ್ಲಾಪುರದ ಸದಸ್ಯರು ಚೀಲ ಹೆಗಲಿಗೇರಿಸಿರುತ್ತಾರೆ. ಎದುರಿನ ಸೋಫಾಗಳು ತಡವಾಗಿ ಬರುವ ಅತಿಥಿಗಳಿಗಾಗಿ ಖಾಲಿ, ಬೇಗ ಬಂದ ಹಿರಿಯರು ಹಿಂದಿನ ಗೋಡೆಗೆ ಒರಗಿ ನಿಂತಿರುತ್ತಾರೆ.

ಉಚಿತ ಪ್ರವೇಶದ ಕಾರ್ಯಕ್ರಮಕ್ಕೆ ಗ್ರಾಹಕ ಕಾಯಿದೆ ಅನ್ವಯಿಸುವುದಿಲ್ಲ, ಏಕೆಂದರೆ ಅಲ್ಲಿ ಹಣ ಕೊಟ್ಟಿಲ್ಲ. ಆದ್ದರಿಂದ ನಮ್ಮವರು ದೂರು ಕೊಡುವುದಿಲ್ಲ, ಮುಂದಿನ ವರ್ಷ ಬರುವುದನ್ನೇ ನಿಲ್ಲಿಸುತ್ತಾರೆ. ಸಭಾಗೃಹ ತುಂಬುತ್ತಿಲ್ಲ, ಯುವಜನರಿಗೆ ಭಾಷಾಭಿಮಾನವಿಲ್ಲ ಎಂದು ವೇದಿಕೆಯಿಂದ ಕೊರಗುವ ಪದಾಧಿಕಾರಿಗಳು ಒಮ್ಮೆ ರೈಲ್ವೆ ವೇಳಾಪಟ್ಟಿಯನ್ನೂ ನೋಡಬೇಕು.

ಆಗಬೇಕಾದದ್ದು ದೊಡ್ಡದೇನಲ್ಲ. ದಿನಾಂಕ ನಿಗದಿಯಾದರೂ ವಾರದ ಮೆಗಾಬ್ಲಾಕ್ ಪ್ರಕಟಣೆ ನೋಡಿ ಸದಸ್ಯರಿಗೆ ತಿಳಿಸುವುದು. ಮುಖ್ಯ ಕಾರ್ಯಕ್ರಮವನ್ನು ಮೊದಲಿಟ್ಟು ಸನ್ಮಾನವನ್ನು ಚಿಕ್ಕದು ಮಾಡುವುದು. ನೀರಿನ ಡ್ರಮ್ಮು, ಲೋಟ ಎಲ್ಲರ ಕೈಗೆ ಎಟಕುವಂತಿಡುವುದು. ಹಿರಿಯರಿಗೆ, ಅಂಗವಿಕಲರಿಗೆ ಬಾಗಿಲ ಬಳಿಯ ಎರಡು ಸಾಲು ಬಿಡುವುದು. ದೂರದ ಉಪನಗರಗಳಿಗೆ ಹೋಗುವ ಹೆಂಗಸರು ಗುಂಪಾಗಿ ಸ್ಟೇಷನ್ ಸೇರುವಂತೆ ಇಬ್ಬರು ಕಾರ್ಯಕರ್ತರನ್ನು ನೇಮಿಸುವುದು. ದೊಡ್ಡ ಸಭಾಗೃಹಗಳ ಸಂಘಟಕರಿಗೂ ಇದೇ ಬೇಡಿಕೆಯನ್ನು ಸಂಘಗಳ ಲೆಟರ್‌ಹೆಡ್‌ನಲ್ಲಿ ಬರೆದು ಕಳುಹಿಸಿದರೆ, ಒಬ್ಬೊಬ್ಬರೇ ಗೊಣಗುವುದಕ್ಕಿಂತ ಹೆಚ್ಚು ತೂಕ ಬರುತ್ತದೆ.

ಆಮಂತ್ರಣ ಪತ್ರಿಕೆಯಲ್ಲಿ ಆರಂಭದ ಸಮಯ ಇದ್ದೇ ಇರುತ್ತದೆ. ಅದರ ಪಕ್ಕದಲ್ಲಿ ಮುಕ್ತಾಯದ ಸಮಯವನ್ನೂ ಅಚ್ಚು ಹಾಕಿಸಿ, ಆ ಮಾತಿಗೆ ನಿಲ್ಲುವ ಮೊದಲ ಸಂಘ ನಮ್ಮದೇ ಆಗಲಿ ಎಂದು ಪ್ರತಿಯೊಂದು ಸಂಘದ ಸದಸ್ಯರೂ ಮುಂದಿನ ಮಹಾಸಭೆಯಲ್ಲಿ ಎದ್ದು ನಿಂತು ಕೇಳಬಹುದು.