ಬರಿಯ ಪೊರೆಯ ಬಾಳು

ಜೀರುಂಡೆ ಹಾರಿಹೋದ ಮೇಲೆ ತೊಗಟೆಗಂಟಿ ಉಳಿಯುವ ಬರಿದಾದ ಪೊರೆಯನ್ನು ನಾನು ಬಹುಕಾಲ ಕಸವೆಂದೇ ಬಗೆದಿದ್ದೆ. ಆ ಎಣಿಕೆಯನ್ನು ತಿದ್ದಿದ್ದು ಮಕ್ಕಳ ಒಂದು ಆಟ.

ಜಪಾನಿನ ‘ಪೊಕೆಮಾನ್’ ಆಟದ ಜನಕರಾದ ಸತೋಷಿ ತಾಜಿರಿ, ಟೋಕಿಯೋ ಬಳಿಯ ಮಾಚಿದಾದಲ್ಲಿ ಹುಳುಗಳನ್ನು ಹಿಡಿಯುತ್ತ ಬೆಳೆದವರು. ಊರು ಬೆಳೆಯಿತು; ಹೊಲಗಳೂ ಹುಳುಗಳೂ ಮರೆಯಾದವು. ನಗರದ ಮಕ್ಕಳಿಗೂ ಆ ಸುಖ ದೊರೆಯಲೆಂದು ಅವರು ಹೆಣೆದ ಆಟ 1996ರಲ್ಲಿ ಹೊರಬಂದಿತು.

2002ರ ಆವೃತ್ತಿಯಲ್ಲಿ ‘ನುಕೆನಿನ್’ ಬಂದಿತು. ಇಂಗ್ಲಿಷಿನವರಿಗೆ ಅದು ‘ಶೆಡಿಂಜ’. ನೆಲದೊಳಗಿನ ಮರಿ 20ನೆಯ ಮೆಟ್ಟಿಲೇರಿ ರೆಕ್ಕೆ ಪಡೆದಾಗ, ಆಟಗಾರನ ತಂಡದಲ್ಲಿ ತೆರವಿದ್ದರೆ, ಕಳಚಿದ ಪೊರೆಯೇ ಕರೆಯದೆ ಬಂದು ಕುಳಿತಿರುತ್ತದೆ. ಅದರ ಪ್ರಾಣಬಲ ಒಂದೇ. ಎಷ್ಟು ಬೆಳೆದರೂ ಎರಡಾಗದು. ಆದರೂ ಬೆಂಕಿ, ಕಲ್ಲು, ಹಕ್ಕಿ, ಭೂತ, ಕತ್ತಲೆ ಎಂಬ ಐದು ಬಗೆಯ ಹೊಡೆತಗಳಲ್ಲದೆ ಮಿಕ್ಕವು ಅದಕ್ಕೆ ತಾಗವು. ವಿಷವೋ ಮರಳುಗಾಳಿಯೋ ಸೋಕಿದರೆ ಮಾತ್ರ ಮುಗಿಯಿತು.

ಜಪಾನೀ ಕಾವ್ಯದಲ್ಲಿ ಈ ಪೊರೆ, ‘ಉತ್ಸುಸೆಮಿ’, ನಶ್ವರತೆಯ ಹಳೆಯ ಸಂಕೇತ. ‘ಗೆಂಜಿ’ ಕಥೆಯ ಒಂದು ಅಧ್ಯಾಯಕ್ಕೆ ಅದೇ ಹೆಸರು. ಅಲ್ಲಿ ಹೆಣ್ಣೊಬ್ಬಳು ಮೇಲುಡುಗೆಯನ್ನು ಬಿಟ್ಟು ಜಾರಿಹೋಗುತ್ತಾಳೆ.

ಮಾಚಿದಾದ ಹೊಲಗಳೂ ಹಾರಿಹೋದ ಜೀರುಂಡೆಯೇ. ಈ ಆಟ ಅವು ಬಿಟ್ಟ ಪೊರೆ. ಈಗ ಮರದಲ್ಲಿ ಅಂಥದು ಕಂಡರೆ ಕಿತ್ತೆಸೆಯಲು ನನಗೆ ಕೈಯೇಳದು.