ಮೂರು ಟಿಕೆಟ್‌ಗಳ ಒಂದು ಪ್ರಯಾಣ: ಬಸ್ಸು, ರೈಲು ಮತ್ತು ಮೆಟ್ರೋ ದರಗಳ ಲೆಕ್ಕಾಚಾರ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು: ದಾವಣಗೆರೆ ಜಿಲ್ಲೆಯ ಈ ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ಒಂದರಲ್ಲಿಯೂ ರೈಲು ನಿಲ್ದಾಣವಿಲ್ಲ. ಆದುದರಿಂದ ಇಲ್ಲಿನ ವರ್ತಕರು ಬೆಂಗಳೂರಿಗೆ ರೈಲಿನಲ್ಲಿ ಹೋಗಬೇಕಾದರೆ ಮೊದಲು ಬಸ್ಸಿನಲ್ಲಿ ದಾವಣಗೆರೆಗೋ ಶಿವಮೊಗ್ಗಕ್ಕೋ ತಲುಪಬೇಕು. ಅಲ್ಲಿಂದ ರೈಲಿನಲ್ಲಿ ಯಶವಂತಪುರಕ್ಕೆ ಅಥವಾ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣಕ್ಕೆ ಹೋಗಿ, ನಂತರ ಮೆಟ್ರೋ ಹಿಡಿದು ಚಿಕ್ಕಪೇಟೆಯ ಜವಳಿ ಅಂಗಡಿಗಳಿಗೋ ಪೀಣ್ಯದ ಕಾರ್ಖಾನೆಗಳಿಗೋ ಸೇರಬೇಕು. ಪ್ರಯಾಣ ಒಂದೇ, ಉದ್ದೇಶವೂ ಒಂದೇ. ಆದರೆ ಟಿಕೆಟ್ ಮೂರು, ದರ ನಿಗದಿಯ ಕ್ರಮವೂ ಮೂರು. ಈ ಮೂರು ಲೆಕ್ಕಗಳು ಹೇಗೆ ನಡೆಯುತ್ತವೆ, ಅವುಗಳನ್ನು ಒಂದುಗೂಡಿಸಿದರೆ ಏನು ಲಾಭ, ಹಾಗೂ ಲೆಕ್ಕಪುಸ್ತಕದಲ್ಲಿ ಇವುಗಳನ್ನು ಹೇಗೆ ಕಾಣಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಬಸ್ಸಿನ ದರ: ಹಂತದ ಲೆಕ್ಕ

1988ರ ಮೋಟಾರು ವಾಹನ ಕಾಯ್ದೆಯು ಪ್ರತಿ ಪ್ರಯಾಣಿಕನಿಂದ ಪೂರ್ಣ ಪ್ರಯಾಣಕ್ಕಾಗಲೀ ಪ್ರಯಾಣದ ಹಂತಗಳಿಗಾಗಲೀ ಪ್ರತ್ಯೇಕ ದರ ಪಡೆದು ಓಡುವ ಬಸ್ಸನ್ನು ‘ಸ್ಟೇಜ್ ಕ್ಯಾರಿಯೇಜ್’ ಎಂದು ಕರೆಯುತ್ತದೆ. ಮಾರ್ಗವನ್ನು ಹಂತಗಳಾಗಿ ವಿಭಾಗಿಸಿ, ಪ್ರಯಾಣಿಕನು ದಾಟುವ ಹಂತಗಳಿಗೆ ತಕ್ಕಂತೆ ಹಣ ಪಡೆಯಲಾಗುತ್ತದೆ. ಹಂತದ ನಡುವೆ ಇಳಿದರೂ ಮುಂದಿನ ಹಂತದವರೆಗಿನ ದರ ತೆರಬೇಕಾಗುತ್ತದೆ. ದರ ಕುರಿತು ನಿರ್ದೇಶನ ನೀಡುವ ಅಧಿಕಾರ ಅದೇ ಕಾಯ್ದೆಯ 67ನೆಯ ಕಲಮಿನನ್ವಯ ರಾಜ್ಯ ಸರ್ಕಾರದ್ದು. ರಾಜ್ಯದ ಸಾರಿಗೆ ನಿಗಮಗಳ ದರವು 2025ರ ಜನವರಿ 5ರಿಂದ ಶೇ. 15ರಷ್ಟು ಏರಿತು.

ರೈಲಿನ ದರ: ದೂರ ಹೆಚ್ಚಿದಂತೆ ಕಿಲೋಮೀಟರ್ ಅಗ್ಗ

ರೈಲ್ವೆ ದರದ ಕ್ರಮವು ‘ಟೆಲಿಸ್ಕೋಪಿಕ್’ ಎನಿಸಿಕೊಂಡಿದೆ. ಅಂದರೆ ದೂರ ಹೆಚ್ಚಿದಂತೆ ಪ್ರತಿ ಕಿಲೋಮೀಟರಿನ ದರ ಇಳಿಯುತ್ತದೆ. ಇದನ್ನು ಸ್ಪಷ್ಟಪಡಿಸಲು ಒಂದು ಕಾಲ್ಪನಿಕ ದರಪಟ್ಟಿಯನ್ನು ತೆಗೆದುಕೊಳ್ಳಬಹುದು. ಮೊದಲ 50 ಕಿ.ಮೀ.ಗೆ ಕಿಲೋಮೀಟರಿಗೆ ರೂ. 1, ನಂತರದ 100 ಕಿ.ಮೀ.ಗೆ 80 ಪೈಸೆ, ಅದಕ್ಕೂ ಮೇಲ್ಪಟ್ಟ ದೂರಕ್ಕೆ 60 ಪೈಸೆ ಎಂದಿಟ್ಟುಕೊಳ್ಳೋಣ. ಆಗ 200 ಕಿ.ಮೀ.ಗೆ ಒಂದೇ ಟಿಕೆಟ್ ಪಡೆದರೆ 50 + 80 + 30 = ರೂ. 160 ಆಗುತ್ತದೆ. ಅದೇ ದೂರವನ್ನು 50 ಮತ್ತು 150 ಕಿ.ಮೀ.ಗಳ ಎರಡು ಟಿಕೆಟ್‌ಗಳಾಗಿ ಒಡೆದರೆ 50 + 130 = ರೂ. 180 ಆಗುತ್ತದೆ. ಒಂದು ಮೀಟರು ಕೂಡ ಹೆಚ್ಚು ಪ್ರಯಾಣಿಸದೆ ಶೇ. 12.5ರಷ್ಟು ಹೆಚ್ಚು ತೆತ್ತಂತಾಯಿತು.

ಇದರ ಮೇಲೆ ದೂರಕ್ಕೆ ಸಂಬಂಧವಿಲ್ಲದ ಸ್ಥಿರ ಶುಲ್ಕಗಳಿವೆ. ಸ್ಲೀಪರ್ ದರ್ಜೆಗೆ ಮೀಸಲಾತಿ ಶುಲ್ಕ ರೂ. 20, ಸೂಪರ್‌ಫಾಸ್ಟ್ ರೈಲಾದರೆ ಹೆಚ್ಚುವರಿ ರೂ. 30. ಮೂರನೆಯ ದರ್ಜೆಯ ಹವಾನಿಯಂತ್ರಿತ ಬೋಗಿಗೆ ಇವು ಕ್ರಮವಾಗಿ ರೂ. 40 ಮತ್ತು ರೂ. 45. ಇದಲ್ಲದೆ ಸ್ಲೀಪರ್ ದರ್ಜೆಯಲ್ಲಿ ಎಷ್ಟೇ ಸಮೀಪ ಹೋದರೂ ಕನಿಷ್ಠ 200 ಕಿ.ಮೀ. ದೂರದ ದರ ತೆರಬೇಕು.

ಇಲ್ಲಿ ಒಂದು ಹೋಲಿಕೆ ಗಮನಾರ್ಹ. 2025ರ ಡಿಸೆಂಬರ್ 26ರಿಂದ ಮೇಲ್ ಮತ್ತು ಎಕ್ಸ್‌ಪ್ರೆಸ್ ರೈಲುಗಳ ದರ ಕಿಲೋಮೀಟರಿಗೆ 2 ಪೈಸೆಯಷ್ಟು ಏರಿತು. ದಾವಣಗೆರೆಯಿಂದ ಬೆಂಗಳೂರಿಗೆ ರೈಲು ಮಾರ್ಗ ಸುಮಾರು 325 ಕಿ.ಮೀ. ಆದ್ದರಿಂದ ಈ ಏರಿಕೆಯ ಹೊರೆ ಆರೂವರೆ ರೂಪಾಯಿಯ ಆಸುಪಾಸು. ಪತ್ರಿಕೆಗಳಲ್ಲಿ ಚರ್ಚೆಯಾಗುವುದು ಈ ಆರೂವರೆ ರೂಪಾಯಿ. ಆದರೆ ಸೂಪರ್‌ಫಾಸ್ಟ್ ರೈಲಿನ ಸ್ಲೀಪರ್ ಟಿಕೆಟಿನಲ್ಲಿ ಒಂದು ಕಿಲೋಮೀಟರೂ ಚಲಿಸುವ ಮುನ್ನ ಸೇರಿಕೊಳ್ಳುವ ಐವತ್ತು ರೂಪಾಯಿ ಯಾರ ಗಮನಕ್ಕೂ ಬರುವುದಿಲ್ಲ.

‘ವಲಯ’ ಎಂಬ ಪದದ ಬಗ್ಗೆಯೂ ಒಂದು ಮಾತು ಅಗತ್ಯ. ದಾವಣಗೆರೆ ಮತ್ತು ಶಿವಮೊಗ್ಗ ನಿಲ್ದಾಣಗಳು ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಹೊಂದಿರುವ ನೈಋತ್ಯ ರೈಲ್ವೆ ವಲಯಕ್ಕೆ ಸೇರಿವೆ. ಇದು ಆಡಳಿತದ ವಿಂಗಡಣೆ ಮಾತ್ರ. ವಲಯದ ಗಡಿ ದಾಟಿದ ಕಾರಣಕ್ಕೆ ಭಾರತೀಯ ರೈಲ್ವೆಯಲ್ಲಿ ದರ ಬದಲಾಗುವುದಿಲ್ಲ.

ಮೆಟ್ರೋ ದರ: ಒಳಗೆ ಒಂದು, ಹೊರಗೆ ಬೇರೆ

2002ರ ಮೆಟ್ರೋ ರೈಲು ಕಾಯ್ದೆಯಂತೆ ಪ್ರತ್ಯೇಕ ದರ ನಿಗದಿ ಸಮಿತಿಯು ಮೆಟ್ರೋ ದರಗಳನ್ನು ಶಿಫಾರಸು ಮಾಡುತ್ತದೆ. ‘ನಮ್ಮ ಮೆಟ್ರೋ’ದ ದರವನ್ನು 2025ರ ಫೆಬ್ರವರಿ 9ರಿಂದ ಪರಿಷ್ಕರಿಸಿದಾಗ ಕನಿಷ್ಠ ದರ ರೂ. 10, ಗರಿಷ್ಠ ದರ ರೂ. 90 ಎಂದಾಯಿತು. ನಡುವಿನ ದೂರಗಳಿಗೆ ಮೆಟ್ಟಿಲು ಮೆಟ್ಟಿಲಾಗಿ ದರ ಏರುತ್ತದೆ. ಸ್ಮಾರ್ಟ್ ಕಾರ್ಡ್ ಬಳಸುವವರಿಗೆ ಶೇ. 5ರ ರಿಯಾಯಿತಿಯನ್ನು, ದಟ್ಟಣೆಯಿಲ್ಲದ ವೇಳೆಯಲ್ಲಿ ಇನ್ನೂ ಶೇ. 5ನ್ನು ಆ ಪರಿಷ್ಕರಣೆಯಲ್ಲಿ ನೀಡಲಾಯಿತು.

ಮೆಟ್ರೋದೊಳಗೆ ಸಂಯುಕ್ತ ದರವು ಈಗಾಗಲೇ ಜಾರಿಯಲ್ಲಿದೆ. ನೇರಳೆ ಮಾರ್ಗದಲ್ಲಿ ಹತ್ತಿದವರು ಮೆಜೆಸ್ಟಿಕ್‌ನ ಕೆಂಪೇಗೌಡ ನಿಲ್ದಾಣದಲ್ಲಿ ನೆಲದಡಿಯಲ್ಲೇ ಹಸಿರು ಮಾರ್ಗಕ್ಕೆ ಬದಲಾಯಿಸಿ ಚಿಕ್ಕಪೇಟೆಯಲ್ಲಿ ಇಳಿದರೆ ಎರಡು ಬಾರಿ ಕನಿಷ್ಠ ದರ ತೆರಬೇಕಿಲ್ಲ. ಇಡೀ ದೂರಕ್ಕೆ ಒಂದೇ ದರ. ಆದರೆ ಯಶವಂತಪುರದಲ್ಲಿ ರೈಲಿನಿಂದ ಇಳಿದು ಪಕ್ಕದ ಮೆಟ್ರೋ ನಿಲ್ದಾಣಕ್ಕೆ ನಡೆದವರಿಗೆ ಲೆಕ್ಕ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಅಲ್ಲಿಯವರೆಗೆ ನೂರಾರು ಕಿಲೋಮೀಟರ್ ಬಂದಿರುವುದಕ್ಕೆ ಯಾವ ರಿಯಾಯಿತಿಯೂ ಇಲ್ಲ.

ಸಂಯುಕ್ತ ದರ ಎಂದರೇನು?

ಲಂಡನ್ ನಗರದ ವ್ಯವಸ್ಥೆ ಇದಕ್ಕೆ ಪ್ರಸಿದ್ಧ ಉದಾಹರಣೆ. ಅಲ್ಲಿ ನಗರವನ್ನು ಮಧ್ಯಭಾಗದ 1ನೆಯ ವಲಯದಿಂದ ಹೊರಕ್ಕೆ ಉಂಗುರಗಳಂತೆ ವಲಯಗಳಾಗಿ ವಿಂಗಡಿಸಲಾಗಿದೆ. ಎಷ್ಟು ವಲಯ ದಾಟಲಾಯಿತು, 1ನೆಯ ವಲಯವು ಅದರಲ್ಲಿ ಸೇರಿದೆಯೇ ಎಂಬುದರ ಮೇಲೆ ದರ ನಿಂತಿದೆ. 1983ರಲ್ಲಿ ‘ಟ್ರಾವೆಲ್‌ಕಾರ್ಡ್’, 2003ರಲ್ಲಿ ‘ಆಯ್ಸ್ಟರ್’ ಕಾರ್ಡ್ ಬಂದವು. ಸುರಂಗ ರೈಲು ಮತ್ತು ಸಾಮಾನ್ಯ ರೈಲು ಎರಡನ್ನೂ ಬಳಸುವ ಪ್ರಯಾಣಕ್ಕೆ ಮೂರನೆಯದೊಂದು ದರಪಟ್ಟಿ ಇದೆ. ಅದು ಒಂದೇ ಸಾರಿಗೆಯ ದರಕ್ಕಿಂತ ಹೆಚ್ಚು, ಎರಡನ್ನೂ ಬೇರೆ ಬೇರೆ ತೆತ್ತು ಕೂಡಿಸಿದ ಮೊತ್ತಕ್ಕಿಂತ ಕಡಿಮೆ. ಸಂಗ್ರಹವಾದ ಹಣವನ್ನು ಸಂಸ್ಥೆಗಳು ತಮ್ಮೊಳಗಿನ ಒಪ್ಪಂದದಂತೆ ಹಂಚಿಕೊಳ್ಳುತ್ತವೆ. ವಲಯ ಪದ್ಧತಿಯಲ್ಲಿಯೂ ದೋಷವಿಲ್ಲದಿಲ್ಲ. ಗಡಿಯ ಆಚೆಗೆ ಒಂದೇ ನಿಲ್ದಾಣ ಹೋದರೂ ಇನ್ನೊಂದು ವಲಯದ ದರ ಬೀಳುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. 2019ರ ಮಾರ್ಚ್‌ನಲ್ಲಿ ಲೋಕಾರ್ಪಣೆಗೊಂಡ ರಾಷ್ಟ್ರೀಯ ಸಾಮಾನ್ಯ ಸಂಚಾರ ಕಾರ್ಡ್ ಹಲವು ಸಾರಿಗೆಗಳಲ್ಲಿ ಹಣ ಪಾವತಿಸಲು ಅನುಕೂಲ ಒದಗಿಸುತ್ತದೆ. ಆದರೆ ಕಾರ್ಡ್ ಒಂದಾದ ಮಾತ್ರಕ್ಕೆ ದರ ಒಂದಾಗುವುದಿಲ್ಲ. ಒಂದೇ ಕೈಚೀಲದಿಂದ ಮೂರು ಅಂಗಡಿಗಳಿಗೆ ಹಣ ಕೊಟ್ಟಂತೆ ಅದು. ದರ ಏಕೀಕರಣವಾಗಬೇಕಾದರೆ ಮೂರು ಅಂಗಡಿಗಳೂ ಒಂದೇ ಬಿಲ್ಲು ಬರೆಯಬೇಕು.

ಹಣ ಹಂಚಿಕೆ ಅಸಾಧ್ಯವೇ?

ಸಂಸ್ಥೆಗಳ ನಡುವೆ ಆದಾಯ ಹಂಚಿಕೆ ಜಟಿಲ ಎಂಬ ಆಕ್ಷೇಪ ಬರಬಹುದು. ಆದರೆ 2023ರ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆಯಲ್ಲಿ ಮಹಿಳೆಯರಿಗೆ ಶೂನ್ಯ ಮೊತ್ತದ ಟಿಕೆಟ್ ನೀಡಿ, ಆ ಟಿಕೆಟ್‌ಗಳ ಲೆಕ್ಕದ ಆಧಾರದ ಮೇಲೆ ನಿಗಮಗಳು ಸರ್ಕಾರದಿಂದ ವೆಚ್ಚ ಕೇಳುತ್ತವೆ. ಯಾರು ಎಲ್ಲಿ ಹತ್ತಿ ಎಲ್ಲಿ ಇಳಿದರು ಎಂಬ ದಾಖಲೆಯಿಂದ ಹಣದ ಚುಕ್ತಾ ಮಾಡುವ ಪದ್ಧತಿ ಹೀಗೆ ರಾಜ್ಯದಲ್ಲಿಯೇ ರೂಢಿಯಲ್ಲಿದೆ. ಸಂಯುಕ್ತ ಟಿಕೆಟಿಗೆ ಬೇಕಾದದ್ದೂ ಇಂತಹುದೇ ದಾಖಲೆ.

ತೆರಿಗೆ ಮತ್ತು ಲೆಕ್ಕಪತ್ರ

ಹವಾನಿಯಂತ್ರಣವಿಲ್ಲದ ಸ್ಟೇಜ್ ಕ್ಯಾರಿಯೇಜ್ ಬಸ್ಸು, ಮೆಟ್ರೋ, ಹಾಗೂ ರೈಲಿನ ಸ್ಲೀಪರ್ ಮತ್ತು ದ್ವಿತೀಯ ದರ್ಜೆ ಪ್ರಯಾಣಗಳಿಗೆ ಜಿ.ಎಸ್.ಟಿ. ವಿನಾಯಿತಿ ಇದೆ. ರೈಲಿನ ಹವಾನಿಯಂತ್ರಿತ ಮತ್ತು ಪ್ರಥಮ ದರ್ಜೆಗೆ ಶೇ. 5ರ ತೆರಿಗೆ ಅನ್ವಯಿಸುತ್ತದೆ. ವ್ಯಾಪಾರದ ಉದ್ದೇಶದ ಪ್ರಯಾಣವಾದಲ್ಲಿ, ಟಿಕೆಟ್ ಕಾಯ್ದಿರಿಸುವಾಗಲೇ ಸಂಸ್ಥೆಯ ಜಿ.ಎಸ್.ಟಿ. ಸಂಖ್ಯೆ ನಮೂದಿಸಿದರೆ, ನಿಯಮಗಳಿಗೆ ಒಳಪಟ್ಟು ಈ ತೆರಿಗೆಯ ಹೂಡುವಳಿ ಜಮೆ ಪಡೆಯಬಹುದು. ಸ್ವಂತ ಪ್ರಯಾಣಕ್ಕೆ ಈ ಜಮೆ ಇಲ್ಲ.

ಮುಂದೆ ಮೂರೂ ಸೇರಿದ ಒಂದೇ ಟಿಕೆಟ್ ಬಂದರೆ ಅದನ್ನು ‘ಸಂಯುಕ್ತ ಪೂರೈಕೆ’ ಎನ್ನಬೇಕೇ ‘ಮಿಶ್ರ ಪೂರೈಕೆ’ ಎನ್ನಬೇಕೇ ಎಂಬ ಪ್ರಶ್ನೆ ಏಳುತ್ತದೆ. ಮೊದಲನೆಯದರಲ್ಲಿ ಪ್ರಧಾನ ಸೇವೆಯ ತೆರಿಗೆ ದರ, ಎರಡನೆಯದರಲ್ಲಿ ಅತಿ ಹೆಚ್ಚಿನ ದರ ಇಡೀ ಮೊತ್ತಕ್ಕೆ ಅನ್ವಯಿಸುತ್ತದೆ. ವಿನಾಯಿತಿ ಇರುವ ಬಸ್ಸು ಮತ್ತು ಮೆಟ್ರೋ ಭಾಗಗಳಿಗೂ ತೆರಿಗೆ ತಗುಲದಂತೆ ಸ್ಪಷ್ಟೀಕರಣ ಮೊದಲೇ ಬರುವುದು ಹಿತಕರ.

ಸದ್ಯಕ್ಕೆ ವರ್ತಕರು ಗಮನಿಸಬೇಕಾದ ಅಂಶಗಳು

1. ರೈಲಿನಲ್ಲಿ ದೂರವನ್ನು ಒಡೆಯದೆ, ಸಾಧ್ಯವಾದಲ್ಲಿ ಹತ್ತುವ ನಿಲ್ದಾಣದಿಂದ ಇಳಿಯುವ ನಿಲ್ದಾಣದವರೆಗೆ ಒಂದೇ ಟಿಕೆಟ್ ಪಡೆಯುವುದು.

2. ಹೊನ್ನಾಳಿ ಮತ್ತು ನ್ಯಾಮತಿಯವರಿಗೆ ದಾವಣಗೆರೆ, ಶಿವಮೊಗ್ಗ ಎರಡೂ ದಾರಿಗಳಿವೆ. ಶಿವಮೊಗ್ಗದಿಂದ ಬೆಂಗಳೂರಿಗೆ ರೈಲು ಮಾರ್ಗ ಸುಮಾರು 275 ಕಿ.ಮೀ. ಬಸ್ಸಿನ ದರವನ್ನೂ ಕೂಡಿಸಿ ಒಟ್ಟು ವೆಚ್ಚ ಹೋಲಿಸುವುದು.

3. ಟಿಕೆಟ್‌ಗಳನ್ನು ಒಂದೇ ಪ್ರಯಾಣದ ವೋಚರಿಗೆ ಲಗತ್ತಿಸಿ, ಉದ್ದೇಶವನ್ನು ಬರೆದಿಡುವುದು.

ಉಪಸಂಹಾರ

ರೈಲು ಮಾರ್ಗದ ಪಕ್ಕದಲ್ಲಿರುವ ಊರಿನವರಿಗೆ ಎರಡು ಟಿಕೆಟ್ ಸಾಕಾದರೆ, ಈ ನಾಲ್ಕು ಊರುಗಳವರಿಗೆ ಮೂರು ಬೇಕು. ಹೊರೆ ಹೆಚ್ಚುವುದು ದೂರದಿಂದಲ್ಲ, ವಾಹನ ಬದಲಾಯಿಸುವ ಕೊಂಡಿಗಳಿಂದ. ಬೆಂಗಳೂರಿನಲ್ಲಿ ನಿರ್ಮಾಣದಲ್ಲಿರುವ 148 ಕಿ.ಮೀ.ಗಳ ಉಪನಗರ ರೈಲು ಯೋಜನೆಯು ಪೂರ್ಣಗೊಂಡಾಗ ದರ ಏಕೀಕರಣದ ಪ್ರಶ್ನೆ ಅಲ್ಲಿ ಖಂಡಿತವಾಗಿ ಚರ್ಚೆಗೆ ಬರುತ್ತದೆ. ಆ ಚರ್ಚೆ ನಗರವಾಸಿಗಳಿಗಷ್ಟೇ ಸೀಮಿತವಾಗಬಾರದು. ಪೂರ್ಣ ಏಕೀಕರಣ ಕೂಡಲೇ ಸಾಧ್ಯವಾಗದಿದ್ದರೂ, ದೂರದ ರೈಲು ಟಿಕೆಟ್ ಹೊಂದಿರುವವರಿಗೆ ಅದೇ ದಿನದ ಮೆಟ್ರೋ ಪ್ರಯಾಣದಲ್ಲಿ ಕನಿಷ್ಠ ದರದಷ್ಟು ರಿಯಾಯಿತಿ ನೀಡುವುದು ಸರಳವಾದ ಮೊದಲ ಹೆಜ್ಜೆ. ವಾಣಿಜ್ಯ ಮಂಡಳಿಗಳು ಈ ಬೇಡಿಕೆಯನ್ನು ಅಂಕಿಅಂಶಗಳೊಂದಿಗೆ ಈಗಲೇ ಮಂಡಿಸುವುದು ಸೂಕ್ತ.